ಸಾವಿನ ಮನೆಗೆ ಹೋದ ಬಿಲ್ಲು

ಚೇರಂಬಾಣೆ
ಬುಧವಾರ, ೧೨-೧೧-೨೦೨೫

ಪ್ರೀತಿಯ ಅತ್ತೆಯವರಿಗೆ,

ಅಶ್ವಿತಾಳ ನಮಸ್ಕಾರಗಳು. ನಿಮ್ಮ ಮಂಡಿ ಈಗ ಹೇಗಿದೆ? ಹೊಲಿಗೆ ಬಿಚ್ಚಿದ ಮೇಲೆ ಊತ ಇಳಿದಿದೆ ಎಂದು ಮೋಕ್ಷಿತಕ್ಕ ಹೇಳಿದರು. ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ ನೀವೇ ಪಾಠ ಹೇಳಿ ಕಳುಹಿಸುತ್ತೀರಂತೆ, ಅದನ್ನು ಕೇಳಿ ನಕ್ಕೆ. ಈ ತಿಂಗಳಲ್ಲಿ ನಕ್ಕಿದ್ದು ಅದೊಂದೇ ಸಲ. ಮಗಳ ಮನೆಯಾದರೂ ಸುಳ್ಯದ ಸೆಕೆಯಲ್ಲಿ ನಿಮಗೆ ನಿದ್ದೆ ಬರುತ್ತದೆಯೋ ಇಲ್ಲವೋ. ಇಲ್ಲಿ ಬೆಳಿಗ್ಗೆ ಮಂಜು ಶುರುವಾಗಿದೆ. ನಿಮ್ಮ ಹಂಡೆ ಒಲೆ ಹೊಗೆ ಕಾರುವುದನ್ನು ಬಿಟ್ಟಿಲ್ಲ. ನಾಯಿ ನಿಮ್ಮ ಕುರ್ಚಿಯ ಕೆಳಗೇ ಮಲಗುತ್ತದೆ, ನಾನು ಕೂತರೆ ಎದ್ದು ಹೋಗುತ್ತದೆ.

ಫೋನು ಮಾಡುವುದು ಬಿಟ್ಟು ಕಾಗದ ಏಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ಹತ್ತು ಹನ್ನೊಂದು ದಿನಗಳಿಂದ ನಿಮ್ಮ ಆರೋಗ್ಯವನ್ನು ಮೋಕ್ಷಿತಕ್ಕನ ಹತ್ತಿರ ಕೇಳಿ ಫೋನು ಇಟ್ಟುಬಿಡುತ್ತಿದ್ದೇನೆ. ನಿಮ್ಮ ಕೈಗೆ ಕೊಡುತ್ತೇನೆ ಎಂದಾಗಲೆಲ್ಲ ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿದ್ದೇನೆ. ಅತ್ತೆ, ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಮಾಡಿದ್ದು ಈ ಫೋನಿನಲ್ಲೇ. ಅದೇ ಫೋನಿನಲ್ಲಿ ನಿಮಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ನೀವು ಆಪರೇಷನ್ನಿಗೆ ಹೊರಡುವಾಗ ಶಾಮಿಯಾನ ಸ್ಟೋರಿನ ಬೀಗದ ಕೈಯನ್ನೂ ನಿಮ್ಮ ಉದ್ದನೆಯ ಲೆಕ್ಕದ ಪುಸ್ತಕವನ್ನೂ ನನ್ನ ಕೈಗೆ ಕೊಟ್ಟಿರಿ, ನಿಮ್ಮ ಮಗನಿಗೆ ಕೊಡಲಿಲ್ಲ. ಅದರ ಜಂಬ ನನಗಿತ್ತು, ಸುಳ್ಳು ಹೇಳುವುದಿಲ್ಲ. ಅದೇ ವಾರ ರೆಸಾರ್ಟಿನವರು ಬಂದು, ಇನ್ನು ಮುಂದೆ ಕಂಪ್ಯೂಟರ್ ಬಿಲ್ಲು ಇಲ್ಲದಿದ್ದರೆ ಕುರ್ಚಿ ಪಾತ್ರೆ ಯಾವುದನ್ನೂ ಬಾಡಿಗೆಗೆ ತೆಗೆದುಕೊಳ್ಳುವುದಿಲ್ಲ ಎಂದರು. ಮಡಿಕೇರಿಯಲ್ಲಿ ಟ್ಯಾಕ್ಸ್ ನೋಡಿಕೊಳ್ಳುವ ಚೇತನ್‌ಕುಮಾರ್ ಕೂಡ ಎಲ್ಲ ಲೆಕ್ಕವನ್ನೂ ಆನ್‌ಲೈನ್ ಮಾಡಿ ಎಂದು ಗಂಟುಬಿದ್ದರು. ಸರಿ, ಸಾಫ್ಟ್‌ವೇರ್ ಹುಡುಕಲು ಕೂತೆ. ಮೊದಲನೆಯದು ಪುಕ್ಕಟೆ. ಒಂದು ಸೌಟು ಬರೆಯುವಷ್ಟರಲ್ಲಿ ಮೂರು ಜಾಹೀರಾತು ಬರುತ್ತಿತ್ತು. ಎರಡನೆಯದರಲ್ಲಿ ಕನ್ನಡವಿತ್ತು. ಎಂಥ ಕನ್ನಡ ಎಂದರೆ, ಒಂದು ಹೆಸರು ತಪ್ಪಾಗಿ ಬರೆದರೆ "ಗ್ರಾಹಕರನ್ನು ಶಾಶ್ವತವಾಗಿ ಅಳಿಸಬೇಕೆ?" ಎಂದು ಕೇಳುತ್ತಿತ್ತು. ಆದರೂ ಕನ್ನಡವಲ್ಲವೇ, ನಿಮಗೂ ಓದಲು ಆಗುತ್ತದಲ್ಲ ಎಂದು ಅದನ್ನೇ ಆರಿಸಿದೆ. ಬಿಲ್ಲಿನ ಮೇಲೆ ಅಂಗಡಿಯ ಚಿತ್ರ ಹಾಕಿ ಎಂದಿತು. ಮೋಕ್ಷಿತಕ್ಕನ ಮದುವೆಯಲ್ಲಿ ತೆಗೆದ, ನೀವು ನಗುತ್ತಿರುವ ಫೋಟೋ ಹಾಕಿದೆ.

ಎರಡು ಮಧ್ಯಾಹ್ನ ಕೂತು ನಿಮ್ಮ ಪುಸ್ತಕವನ್ನೆಲ್ಲ ಅದಕ್ಕೆ ಏರಿಸಿದೆ. ಸಾವಿನ ಮನೆಗಳು ಬಂದಾಗ ಸಿಕ್ಕಿಬಿದ್ದೆ. ನೀವು ಅಲ್ಲಿ ಹೆಸರು, ಫೋನ್ ನಂಬರು, ಕೊಪ್ಪರಿಗೆ ಎಷ್ಟು, ಬೆಂಚು ಎಷ್ಟು, ಟಾರ್ಪಾಲು ಎಷ್ಟು ಎಂದು ಬರೆದು ಹಣದ ಜಾಗವನ್ನು ಖಾಲಿ ಬಿಟ್ಟಿದ್ದೀರಿ. ನಾನು ಮದುವೆಯಾಗಿ ಬಂದ ವರ್ಷವೇ ನೀವು ಹೇಳಿದ್ದು ನೆನಪಿದೆ: "ಸಾವಿನ ಮನೆಗೆ ಬಿಲ್ಲ್ ಇಲ್ಲೆ." ಆದರೆ ಈ ದರಿದ್ರದ್ದು ಖಾಲಿಯನ್ನೂ ಒಪ್ಪುವುದಿಲ್ಲ, ಸೊನ್ನೆಯನ್ನೂ ಒಪ್ಪುವುದಿಲ್ಲ. ಚೇತನ್‌ಕುಮಾರ್‌ಗೆ ಕೇಳಿದರೆ, "ಖಾಲಿ ಬಿಟ್ರೆ ಸಿಸ್ಟಂ ತಗೊಳ್ಳಲ್ಲ ಮೇಡಂ, ದಾನ ಅಂತ ಹಾಕಿಬಿಡಿ" ಎಂದರು. ದಾನ ಎಂದು ಬರೆಯಲು ನನಗೆ ಕೈ ಬರಲಿಲ್ಲ. ನೆರೆಮನೆಯವರ ದುಃಖಕ್ಕೆ ನಾಲ್ಕು ಬೆಂಚು ಕೊಟ್ಟರೆ ಅದು ದಾನವೇ? ಸದ್ಯಕ್ಕೆ ಸಾಮಾನಿನ ಎಣಿಕೆ ಸರಿಯಾಗಲಿ, ಆಮೇಲೆ ತೆಗೆದರಾಯಿತು ಎಂದು ಮಾಮೂಲಿ ಬಾಡಿಗೆಯನ್ನೇ ಹಾಕಿಟ್ಟೆ. ಮೂವತ್ತೊಂದು ಮನೆಗೆ.

ಒಂದನೇ ತಾರೀಕು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಅದು ತಾನಾಗಿಯೇ ಮೂವತ್ತೊಂದು ಮನೆಗೂ ಮೆಸೇಜು ಕಳುಹಿಸಿತು. "ಪ್ರಿಯ ಗ್ರಾಹಕರೇ, ನಿಮ್ಮ ಬಾಕಿಯನ್ನು ಕೂಡಲೇ ಪಾವತಿಸಿ." ಮೇಲೆ ನಿಮ್ಮ ನಗುವ ಮುಖ. ಬಾಕಿ ಇದ್ದರೆ ತಿಂಗಳಿಗೊಮ್ಮೆ ಹಾಗೆ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾದಾಗ ಅಳಿಸಲು ನೋಡಿದೆ. ನನ್ನ ಫೋನಿನಿಂದ ಅಳಿಸಿಹೋಯಿತು, ಅವರದ್ದರಿಂದ ಹೋಗಲಿಲ್ಲ.

ಮೇಲಿನ ಕೇರಿಯ ಕುಶಾಲಪ್ಪಣ್ಣನ ತಾಯಿ ತೀರಿಕೊಂಡಿದ್ದು ನಿಮಗೆ ಗೊತ್ತಲ್ಲ. ಶನಿವಾರವೇ ತಿಥಿ, ನಮ್ಮದೇ ಕೊಪ್ಪರಿಗೆಯಲ್ಲಿ ಅನ್ನ ಬೇಯುತ್ತಿದ್ದಾಗ ಅವರಿಗೆ ಮೆಸೇಜು ಸಿಕ್ಕಿದೆ. ಊಟ ಮುಗಿದದ್ದೇ ತಡ, ಪಾತ್ರೆಯನ್ನೆಲ್ಲ ತಿಕ್ಕಿಸಿ ತಾವೇ ಜೀಪಿನಲ್ಲಿ ತಂದು ಇಳಿಸಿದರು. ತಲೆ ಬೋಳಿಸಿಕೊಂಡಿದ್ದರು, ಕಣ್ಣು ಕೆಂಪಾಗಿತ್ತು. ನಾನು ಏನೋ ಹೇಳಲು ಹೋದೆ. ಅವರು ಕೊಪ್ಪರಿಗೆಯ ಮುಚ್ಚಳದ ಮೇಲೆ ಹಣ ಇಟ್ಟು, "ಎಣ್ಸಿ ತಕೊ, ಎಂಥದೂ ಕಮ್ಮಿ ಇಲ್ಲೆ" ಎಂದಷ್ಟೇ ಹೇಳಿ ಹೋದರು. ಕಾಫಿ ಕುಡಿಯಲಿಲ್ಲ. ಹಣ ವಾಪಸು ಕೊಡಲು ನಿಮ್ಮ ಮಗ ಹೋದರೆ ಗೇಟು ತೆಗೆಯಲಿಲ್ಲ.

ಮೂವತ್ತೊಂದರಲ್ಲಿ ಇಪ್ಪತ್ತೆರಡು ಮನೆಯವರು ಹೀಗೆಯೇ ಮಾತಿಲ್ಲದೆ ಹಣ ಹಾಕಿದ್ದಾರೆ. ಜಗಳಕ್ಕೆ ಬಂದದ್ದು ಎಸ್ಟೇಟಿನ ಕೂಲಿ ಲೈನ್‌ಮನೆಯ ಸೋಮಿ ಒಬ್ಬಳೇ. ಗಂಡ ಸತ್ತು ಒಂದು ವರ್ಷವೂ ಆಗಿಲ್ಲ. ಅಂಗಡಿಯ ಮುಂದೆ ನಿಂತು, "ಯಮುನಕ್ಕ ಇದ್ದಿದ್ರೆ ಹಿಂಗ್ ಮಾಡ್ತಿತ್ತಾ? ನಿನ್ ಮೊಬೈಲ್ ತಕೊಂಡೋಗಿ ಹೊಳೆಗ್ ಎಸಿ!" ಎಂದು ಕೂಗಾಡಿದಳು. ನಾನು ಅತ್ತುಬಿಟ್ಟೆ. ಅವಳೂ ಅತ್ತು, ಎರಡು ಲೋಟ ಕಾಫಿ ಕುಡಿದು ಹೋದಳು. ಈಗ ದಾರಿಯಲ್ಲಿ ಸಿಕ್ಕಿದರೆ ಮಾತಾಡುವವಳು ಅವಳೊಬ್ಬಳೇ.

ಮೊನ್ನೆ ಸೋಮವಾರ ಪಕ್ಕದ ಬೋಜಪ್ಪ ಮಾವ ತೀರಿಕೊಂಡರು. ನಾನು ಸ್ಟೋರಿನ ಬಾಗಿಲು ತೆರೆದಿಟ್ಟು, ಬೆಂಚು ಹೊರಗಿಟ್ಟು ಕಾದೆ. ಯಾರೂ ಬರಲಿಲ್ಲ. ಹನ್ನೊಂದು ಗಂಟೆಗೆ ಮಡಿಕೇರಿಯಿಂದ ಬಾಡಿಗೆ ಪಾತ್ರೆ ತುಂಬಿದ ವ್ಯಾನು ನಮ್ಮ ಅಂಗಡಿಯ ಮುಂದೆಯೇ ಹೋಯಿತು. ನಾವು ಹೋಗಿ ನಿಂತೆವು. ಯಾರೂ ನಮ್ಮನ್ನು ಹೊರಗೆ ಹಾಕಲಿಲ್ಲ, ಯಾರೂ ಒಂದು ಕೆಲಸವನ್ನೂ ಹೇಳಲಿಲ್ಲ. ಅತ್ತೆ, ಸಾವಿನ ಮನೆಯಲ್ಲಿ ಒಂದು ಕೊಡ ನೀರು ತಾ ಎಂದು ಹೇಳುವವರಿಲ್ಲದೆ ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ನೀವು ಇಪ್ಪತ್ತು ವರ್ಷದಿಂದ ಗಳಿಸಿದ್ದನ್ನು ನಾನು ಎರಡು ಮಧ್ಯಾಹ್ನದಲ್ಲಿ ಹಾಳು ಮಾಡಿದೆ.

ಆ ಸಾಫ್ಟ್‌ವೇರನ್ನು ತೆಗೆದುಹಾಕಿದ್ದೇನೆ. ಈಗ ಮೂರನೆಯದೊಂದನ್ನು ನೋಡಿದ್ದೇನೆ. ಅದರಲ್ಲಿ ಬೆಲೆ ಬರೆಯದೆ ಬರೀ ಸಾಮಾನು ಹೋದ ಚೀಟಿ, ಬಂದ ಚೀಟಿ ಮಾಡಬಹುದು. ನಾವು ಒತ್ತದೆ ಅದು ಯಾರಿಗೂ ಏನನ್ನೂ ಕಳುಹಿಸುವುದಿಲ್ಲ. ಸೋಮಿಯ ನಂಬರಿಗೇ ಒಂದು ಚೀಟಿ ಮಾಡಿ ಹತ್ತು ಸಲ ಪರೀಕ್ಷೆ ಮಾಡಿದೆ. ವರ್ಷಕ್ಕೆ ನಾಲ್ಕು ಸಾವಿರದ ಮೇಲೆ, ಪುಕ್ಕಟೆ ಅವಧಿ ಮುಗಿಯುವುದರಿಂದ ಇವತ್ತು ಸಂಜೆಯೊಳಗೆ ಕಟ್ಟಬೇಕು. ಕಟ್ಟಲು ನನಗೆ ಧೈರ್ಯವಿಲ್ಲ. ಬೇಡ ಎಂದರೆ ರೆಸಾರ್ಟ್ ಬಿಟ್ಟು ಪುಸ್ತಕಕ್ಕೇ ಹಿಂದಿರುಗುತ್ತೇನೆ. ಬೀಗದ ಕೈ ವಾಪಸು ಕೊಡು ಎಂದರೂ ಕೊಡುತ್ತೇನೆ. ಆದರೆ ಆ ಮನೆಗಳಿಗೆ ನಾನು ಏನು ಹೇಳಲಿ, ಹೇಗೆ ಹೇಳಲಿ, ಅದೊಂದನ್ನು ಹೇಳಿಕೊಡಿ.

ಮಂಡಿಗೆ ಭಾರ ಹಾಕಬೇಡಿ. ಮೋಕ್ಷಿತಕ್ಕನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ನಿಮ್ಮ ಕಾಲಿಗೆ ಬೀಳುತ್ತಾ,

ನಿಮ್ಮ ಸೊಸೆ
ಅಶ್ವಿತಾ

ಮರೆತದ್ದು: ಈ ಕಾಗದ ಹಿಡಿದು ಸುಳ್ಯಕ್ಕೆ ಬರಲು ನಿಮ್ಮ ಮಗ ಜೀಪು ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದಾರೆ. ಲಕೋಟೆ ಅಂಟಿಸುವಷ್ಟರಲ್ಲಿ ಬ್ಯಾಂಕಿನ ಮೆಸೇಜು ಬಂತು. ಮೋಕ್ಷಿತಕ್ಕನ ಖಾತೆಯಿಂದ ಆರು ಸಾವಿರದ ಇನ್ನೂರು ರೂಪಾಯಿ. ಕೆಳಗೆ "ದೇರಪ್ಪ, ತಿಥಿ ಸಾಮಾನು" ಎಂದಿದೆ. ಪುಸ್ತಕ ತೆಗೆದು ನೋಡಿದೆ. ಎರಡು ವರ್ಷದ ಹಿಂದೆ ಮಾವ ತೀರಿಕೊಂಡಾಗ ನಮ್ಮ ಸ್ಟೋರಿನಿಂದ ನಮ್ಮ ಮನೆಗೇ ಬಂದ ಸಾಮಾನನ್ನೂ ನೀವು ಎಲ್ಲರದ್ದರಂತೆಯೇ ಬರೆದಿಟ್ಟಿದ್ದೀರಿ, ನಿಮ್ಮ ನಂಬರಿನ ಸಮೇತ. ನನಗೆ ಅವರು ಯಾವಾಗಲೂ ಮಾವ. ದೇರಪ್ಪ ಎಂಬ ಹೆಸರು ನೋಡಿದರೂ ಹೊಳೆಯದೆ ಅದನ್ನೂ ಏರಿಸಿದ್ದೇನೆ. ಹಾಗಾದರೆ ಆ ಮೆಸೇಜು ನಿಮಗೂ ಬಂದಿದೆ, ಹನ್ನೊಂದು ದಿನದಿಂದ ನಿಮಗೆ ಎಲ್ಲ ಗೊತ್ತಿತ್ತು, ನಾನು ಹೇಳುತ್ತೇನೆಂದು ಕಾದಿರಿ. ಅತ್ತೆ, ನಿಮ್ಮ ದಮ್ಮಯ್ಯ, ನೀವೂ ಹಣ ಕೊಟ್ಟು ಸುಮ್ಮನಾಗಬೇಡಿ. ಈ ಕಾಗದ ಕೈಗೆ ಸಿಕ್ಕಿದ ಕೂಡಲೇ ಫೋನು ಮಾಡಿ, ಬಾಯಿಗೆ ಬಂದಂತೆ ಬೈಯಿರಿ.