ಅವ್ವನೊಳಗೆ ಮಲಗಿದ್ದದ್ದು

ಬೆಟಗೇರಿ, ಫೆಬ್ರವರಿ 30, 2143

ಎಚ್‌ಐವಿಯನ್ನು ಎಬ್ಬಿಸಿ ಕೊಲ್ಲುವ ದಾರಿ ಹುಡುಕುತ್ತ ನೂರು ವರ್ಷಕ್ಕೂ ಹಿಂದಿನ ಪ್ರಯೋಗಾಲಯಗಳಲ್ಲಿ ಕುಳಿತಿರುವ ಹಿರಿಯರಿಗೆ, ಸುಗಲಾ ಮೆಣಸಿನಕಾಯಿ ಮಾಡುವ ನಮಸ್ಕಾರಗಳು.

ಮೇಲಿನ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಾವು ತಿಂಗಳುಗಳನ್ನೆಲ್ಲ ಮೂವತ್ತು ದಿನಕ್ಕೆ ಸರಿಮಾಡಿಕೊಂಡು, ಉಳಿದ ದಿನಗಳನ್ನು ವರ್ಷದ ಕೊನೆಗೆ ಇಟ್ಟಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ಹೊಸವೆನಿಸಬಹುದು, ಕ್ಷಮಿಸಬೇಕು. ನಾನು ನೀರಳತೆಗಾರ್ತಿ. ಮನೆಮನೆಗೆ ಹೋಗಿ, ಆಯಾ ಮನೆಗೆ ಗೊತ್ತುಮಾಡಿದ ನೀರು ನಲ್ಲಿಯಲ್ಲಿ ಸರಿಯಾಗಿ ಬಂದಿದೆಯೇ ಎಂದು ನೋಡುವವಳು. ನನ್ನ ಅವ್ವ ಬಸಲಿಂಗವ್ವ ನೆರಳುಬಟ್ಟೆ ನೇಯುತ್ತಿದ್ದಳು. ಈಗ ನಮ್ಮಲ್ಲಿ ಬೆಳಗಿನ ಒಂಬತ್ತರ ಮೇಲೆ ಬಯಲಿನಲ್ಲಿ ನಿಲ್ಲಲಾಗುವುದಿಲ್ಲ. ಬೀದಿಯ ಈ ಮನೆಯ ಸೂರಿನಿಂದ ಆ ಮನೆಯ ಸೂರಿಗೆ ಉದ್ದಕ್ಕೂ ಬಟ್ಟೆ ಕಟ್ಟಿರುತ್ತೇವೆ. ಅದೇ ನೆರಳುಬಟ್ಟೆ. ಬೆಟಗೇರಿಯ ಮಗ್ಗಗಳು ಇನ್ನೂ ಸದ್ದು ಮಾಡುತ್ತಿರುವುದು ಅದರಿಂದಲೇ.

ಅವ್ವ ಹುಟ್ಟಿದ್ದು ಮಲಪ್ರಭೆಯ ದೊಡ್ಡ ನೆರೆಯ ವರ್ಷ, ಒಂದು ಶಿಬಿರದಲ್ಲಿ. ಅಲ್ಲಿ ಬಸುರಿಯರ ರಕ್ತ ಪರೀಕ್ಷೆ ನಿಂತುಹೋಗಿತ್ತು. ಹಾಗಾಗಿ ಅವಳ ತಾಯಿಯ ವೈರಸ್ಸು ಅವಳಿಗೂ ಬಂತು. ಆದರೆ ಅವಳು ನರಳಲಿಲ್ಲ. ಮೊದಲು ಮಾತ್ರೆ ನುಂಗಿದಳು, ಆಮೇಲೆ ಆರು ತಿಂಗಳಿಗೊಂದು ಚುಚ್ಚುಮದ್ದು ತೆಗೆದುಕೊಂಡಳು. ಮದುವೆಯಾದಳು, ನನ್ನನ್ನು ಹೆತ್ತಳು. ಅಪ್ಪನಿಗಾಗಲಿ ನನಗಾಗಲಿ ಸೋಂಕು ತಗುಲಲಿಲ್ಲ. ಎಂಬತ್ತನಾಲ್ಕರಲ್ಲೂ ಕನ್ನಡಕವಿಲ್ಲದೆ ಹರಿದ ಎಳೆ ಗಂಟು ಹಾಕುತ್ತಿದ್ದಳು.

ಆದರೂ ನಮ್ಮದು ‘ಆ ಮನೆ’. ಆರು ತಿಂಗಳಿಗೊಮ್ಮೆ ಆರೋಗ್ಯದವರ ಬಿಳಿ ಗಾಡಿ ನಿಲ್ಲುವ ಮನೆ. ನನಗೆ ಬಂದ ಎರಡು ಸಂಬಂಧ ಹಾಗೆಯೇ ಮುರಿದವು. ನಾನು ಮುಟ್ಟಿದ ನಲ್ಲಿಯನ್ನು, ನಾನು ಓಣಿ ತಿರುಗುವುದರೊಳಗೆ ತೊಳೆಯುವವರಿದ್ದರು. ಮುಟ್ಟಿದರೆ ಬರುವುದಿಲ್ಲ, ನನಗೆ ಸೋಂಕೇ ಇಲ್ಲ ಎಂಬುದು ಅವರಿಗೂ ಗೊತ್ತಿತ್ತು. ಅವ್ವ ಇದನ್ನೆಲ್ಲ ನಕ್ಕು ಬಿಡುತ್ತಿದ್ದಳು. ನನಗೆ ನಗಲು ಬರಲಿಲ್ಲ.

ಮೂರು ವರ್ಷದ ಹಿಂದೆ, ದೇಶದಲ್ಲಿ ಈ ವೈರಸ್ಸಿರುವ ಕಟ್ಟಕಡೆಯವಳು ಅವ್ವ ಎಂದು ತಿಳಿಯಿತು. ‘ಸೊನ್ನೆ ಸಮಿತಿ’ ಎಂಬುದೊಂದಿತ್ತು. ಊರೂರಿನ ಚೌಕದಲ್ಲಿ ಅವರ ಫಲಕವಿರುತ್ತಿತ್ತು, ಅದರ ಮೇಲೆ ಎಷ್ಟು ಜನ ಉಳಿದರೆಂಬ ಅಂಕೆ. ಗದಗಿನ ಚೌಕದ ಫಲಕದಲ್ಲೂ ಅಂದು ‘1’ ಬಂತು. ಅದು ನನ್ನ ಅವ್ವ.

ಸಮಿತಿಯ ಪರವಾಗಿ ಬಂದವರು ಡಾ. ರೆಹನಾ ನದಾಫ್. ಅವಸರವಿಲ್ಲದ ಹೆಂಗಸು. ಮಗ್ಗದ ಪಕ್ಕ ನೆಲದ ಮೇಲೆಯೇ ಕೂತು ವಿವರಿಸಿದರು. ಈ ವೈರಸ್ಸು ಜೀವಕೋಶದೊಳಗೆ ಹೊಕ್ಕು, ನಮ್ಮದೇ ವಂಶವಾಹಿಯ ಎಳೆಯಲ್ಲಿ ತನ್ನ ಎಳೆಯನ್ನು ಸೇರಿಸಿಬಿಡುತ್ತದೆ. ಕೆಲವು ಕೋಶಗಳಲ್ಲಿ ಆ ಭಾಗ ಪ್ರೋಟೀನಿನ ಉಂಡೆಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡು, ಮೇಲೆ ರಾಸಾಯನಿಕ ಗುರುತುಗಳು ಬಿದ್ದು, ಕೋಶಕ್ಕೆ ಅದನ್ನು ಓದಲಿಕ್ಕೇ ಆಗುವುದಿಲ್ಲ. ಬರಹ ಹಾಗೆಯೇ ಇರುತ್ತದೆ, ಓದು ಮಾತ್ರ ನಿಲ್ಲುತ್ತದೆ. ಸದ್ದಿಲ್ಲದ ವೈರಸ್ಸನ್ನು ಮದ್ದೂ ಮುಟ್ಟದು, ದೇಹದ ಕಾವಲೂ ಕಾಣದು. ಚುಚ್ಚುಮದ್ದು ನಿಲ್ಲಿಸಿದರೆ ಎಂದಾದರೂ ಸುತ್ತು ಸಡಿಲಾಗಿ ಅದು ಏಳುತ್ತದೆ.

ಅವ್ವ ಕೈಯಲ್ಲಿದ್ದ, ನೂಲು ಸುತ್ತಿದ ಕಂಡಿಕೆ ತೋರಿಸಿದಳು. “ಹಿಂಗ ಸುತ್ತಿ ಇಟ್ಟಾಂಗ ಅನ್ರಿ?”

“ಹೌದಮ್ಮಾ, ಹಂಗ. ಈಗ ಆ ಸುತ್ತು ಬಿಚ್ಚೋ ಮದ್ದು ಬಂದದ, ಸಣ್ಣ ವಯಸ್ಸಿನವರು ಭಾಳ ಮಂದಿ ಅದರಿಂದ ಗುಣ ಆಗ್ಯಾರ. ಎಲ್ಲಾನೂ ಒಮ್ಮೆ ಎಬ್ಬಿಸಿ ಮುಗಿಸಿಬಿಡಬೌದು.”

“ಮಲಗಿದ್ದನ್ನ ಯಾಕ ಎಬ್ಬಿಸ್ತೀರಿ, ಡಾಕ್ಟರವ್ವಾ? ಎಂಬತ್ತು ವರ್ಷ ನನ್ನ ಜೋಡಿ ಬಾಳೇ ಮಾಡೈತಿ. ನಾ ಹೋಗೂ ಮುಂದ ಅದೂ ಬರತೈತಿ.”

ರೆಹನಾ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದರು. ಆ ಮದ್ದಿಗೆ ವೈರಸ್ಸಿನ ಸುತ್ತು ಯಾವುದು, ದೇಹ ಬೇಕೆಂದೇ ಸುಮ್ಮನಿರಿಸಿದ ಬೇರೆ ವಂಶವಾಹಿಗಳ ಸುತ್ತು ಯಾವುದು ಎಂದು ಪೂರ್ತಿ ಗೊತ್ತಾಗುವುದಿಲ್ಲ. ಮಿದುಳಿನ ಕೋಶಗಳಲ್ಲೂ ವೈರಸ್ಸು ಮಲಗಿರಬಹುದು, ಅಲ್ಲಿ ಎದ್ದರೆ ಏನಾಗುತ್ತದೆಂದು ಈ ವಯಸ್ಸಿನವರಲ್ಲಿ ನೋಡಿದ್ದು ಕಡಿಮೆ. ನಾನು ಅದನ್ನೆಲ್ಲ ಕೇಳಿದೆ. ಕೇಳಿಯೂ ನನ್ನ ಕಣ್ಣು ಬಾಗಿಲ ಹೊರಗೆ ನಿಂತ ಬಿಳಿ ಗಾಡಿಯ ಮೇಲಿತ್ತು.

ಅವ್ವ ನನ್ನ ಮುಖ ನೋಡಿದಳು. “ನಿನಗ ಬೇಕೇನವಾ ಇದು?”

ನಾನು ಹೂಂ ಅಂದೆ.

“ಹಂಗಾರ ಮಾಡ್ರಿ,” ಎಂದು ಅವ್ವ ಹೆಬ್ಬೆಟ್ಟು ಮುಂದೆ ಚಾಚಿದಳು. ಅವಳಿಗೆ ಸಹಿ ಮಾಡಲು ಬರುತ್ತಿತ್ತು. ಆ ದಿನ ಯಾಕೋ ಹೆಬ್ಬೆಟ್ಟು ಕೊಟ್ಟಳು.

ಮದ್ದು ಕೊಟ್ಟ ಮೊದಲ ವಾರ ಚೆನ್ನಾಗಿಯೇ ಇದ್ದಳು. ರಕ್ತದಲ್ಲಿ ವೈರಸ್ಸು ಎದ್ದಿತು, ಜೊತೆಗೆ ಕೊಟ್ಟ ಮದ್ದು ಅದನ್ನು ಹರಡಗೊಡದೆ ಹಿಡಿಯಿತು, ಕಾವಲು ಕೋಶಗಳು ಅದಿದ್ದ ಕೋಶಗಳನ್ನು ಕೊಲ್ಲತೊಡಗಿದವು. ಹನ್ನೊಂದನೆಯ ದಿನ ನೀರಿನ ಲೋಟವನ್ನು ಹಿಡಿದುಕೊಂಡು, ಇದಕ್ಕೆ ಏನಂತಾರೆ ಎಂದು ಕೇಳಿದಳು. ಹದಿಮೂರಕ್ಕೆ ಬೆರಳುಗಳು ಗಂಟು ಹಾಕುವುದನ್ನು ಮರೆತವು. ಮಿದುಳಿನಲ್ಲೂ ಅದು ಎದ್ದಿತ್ತು, ಅಲ್ಲಿ ನಡೆದ ಕಾಳಗಕ್ಕೆ ಮಿದುಳೇ ಬಾತುಕೊಂಡಿತ್ತು. ರೆಹನಾ ಎಬ್ಬಿಸುವ ಮದ್ದು ನಿಲ್ಲಿಸಿದರು, ಬಾವು ಇಳಿಸುವ ಮದ್ದು ಕೊಟ್ಟರು, ಮೂರು ದಿನ ಮನೆಗೆ ಹೋಗಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಹದಿನೆಂಟನೆಯ ದಿನ ಅವ್ವ ನನ್ನನ್ನು ತನ್ನ ತಾಯಿಯೆಂದು ತಿಳಿದಳು. ಶಿಬಿರದ ಮಗುವಿನಂತೆ ನನ್ನ ಸೆರಗು ಹಿಡಿದು, “ಯವ್ವಾ, ಸುಗಲಾಗ ಯಾರೂ ಏನೂ ಅನ್ನದಾಂಗ ನೋಡ್ಕೊ. ಆಕಿ ಭಾಳ ಮನಸಿಗೆ ಹಚ್ಕೊಂತಾಳ,” ಎಂದಳು.

“ಹೂನವಾ, ನೋಡ್ಕೋತೀನಿ,” ಎಂದೆ. ಮರುದಿನ ಬೆಳಿಗ್ಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಫಲಕದಲ್ಲಿ ಸೊನ್ನೆ ಬಂತು. ವೈರಸ್ಸು ಸತ್ತದ್ದಕ್ಕಲ್ಲ, ಅವ್ವ ಸತ್ತದ್ದಕ್ಕೆ ಬಂದ ಸೊನ್ನೆ ಅದು. ನೆರಳುಬಟ್ಟೆಯ ಕೆಳಗೆ ಜನ ಸೇರಿದರು, ಹಲಗೆ ಬಾರಿಸಿದರು. ನಾನು ಅವ್ವನ ಮಣ್ಣಿಗೆ ಬೇಕಾದ ಸಾಮಾನು ತರಲು ಅದೇ ಚೌಕದಿಂದ ಹಾದುಹೋಗಬೇಕಿತ್ತು. ಗುರುತಿಲ್ಲದ ಒಬ್ಬರು ನನ್ನ ಕೈಗೂ ಪೇಡೆ ಇಟ್ಟು, “ತಗೋರಿ ಅಕ್ಕಾರ, ಇವತ್ತಿಗೆ ಪೀಡೆ ಹೋತು,” ಎಂದರು. ಎಸೆಯಲಾಗಲಿಲ್ಲ. ಸ್ಮಶಾನದವರೆಗೂ ಮುಷ್ಟಿಯಲ್ಲೇ ಹಿಡಿದಿದ್ದೆ. ಈಗ ನಮ್ಮ ಮನೆ ಮುಂದೆ ಯಾವ ಗಾಡಿಯೂ ನಿಲ್ಲುವುದಿಲ್ಲ. ನಾನು ಮುಟ್ಟಿದ ನಲ್ಲಿಯನ್ನು ಯಾರೂ ತೊಳೆಯುವುದಿಲ್ಲ.

ನಿಮ್ಮ ಕೆಲಸ ನಿಲ್ಲಿಸಿ ಎಂದು ನಾನು ಬರೆಯುತ್ತಿಲ್ಲ. ಅವ್ವನಿಗಿಂತ ಮೊದಲು ಎಳೆ ವಯಸ್ಸಿನ ಎಷ್ಟೋ ಮಂದಿ ಇದೇ ದಾರಿಯಿಂದ ಪೂರ್ತಿ ಗುಣವಾಗಿದ್ದು ನನಗೆ ಗೊತ್ತು. ಮಲಗಿದ್ದನ್ನು ಮಲಗಿದ್ದಂತೆಯೇ ಇನ್ನಷ್ಟು ಬಿಗಿಯಾಗಿ ಸುತ್ತಿಡುವ ದಾರಿಯನ್ನೂ ನಿಮ್ಮಲ್ಲಿ ಕೆಲವರು ಹುಡುಕುತ್ತಿದ್ದೀರಂತೆ, ಅದನ್ನು ಬಿಡಬೇಡಿ. ಅವ್ವನಂಥವರಿಗೆ ಅದು ಸಾಕಿತ್ತು. ನನ್ನ ಬೇಡಿಕೆ ಇಷ್ಟೇ. ಒಬ್ಬ ಮುದುಕಿಯ ಮುಂದೆ ಕೂತು, ಎಬ್ಬಿಸೋಣವೇ ಎಂದು ಕೇಳುವ ದಿನ ನಿಮಗೂ ಬರುತ್ತದೆ. ಕೇಳುವ ಮುಂಚೆ, ಪಕ್ಕದಲ್ಲಿರುವ ಮಗಳನ್ನು ದಯವಿಟ್ಟು ಹೊರಗೆ ಕಳಿಸಿ.