ಡಾಕ್ಟರ್ ಮುಂದ ಹುಚ್ಚನ ಪಾರ್ಟು

ಬಸ್ಸಮ್ಮಕ್ಕಾ,

ಅವ್ವಗ ಸೀರಿ ಉಡಿಸಿ ಬಸ್‌ಸ್ಟ್ಯಾಂಡಿಗೆ ಕರಕೊಂಡು ಬಾ. ನಾ ಮೊದಲ ಹೋಗಿ ರಾಯಚೂರು ಬಸ್ಸಿನ್ಯಾಗ ಟವಲ್ ಒಗದು ಸೀಟು ಹಿಡಿತೀನಿ. ಕಾಕಾ ತಾಯತ ತಂದ್ರ ಕಟ್ಟಿಸು, ಜಗಳ ಬ್ಯಾಡ.

ದವಾಖಾನ್ಯಾಗ ಅವ್ವನ ತಲಿಗೆ ಕರೆಂಟ್ ಕೊಡ್ತಾರಂತ ಅಂಜಬ್ಯಾಡ. ನಿನ್ನಿ ನಾನೇ ಸಿನಿಮಾದ ಹುಚ್ಚನಂಗ ಕೂದಲಾ ಕೆದರಿಕೊಂಡು ರಾಯಚೂರಿನ ಆ ಮನಸ್ಸಿನ ಡಾಕ್ಟರ್ ಮುಂದ ಕುಂತು ನೋಡಿ ಬಂದೀನಿ. "ಯಾರಲ್ಲಿ, ಈ ಮಹಾರಾಜನಿಗೆ ಸಿಂಹಾಸನ ತನ್ನಿ" ಅಂದೆ. ಡಾಕ್ಟರ್ ಪೂರಾ ಕೇಳಿ, "ಪಾರ್ಟು ಛಲೋ ಮಾಡಿದಿ. ಮನ್ಯಾಗ ಯಾರಿಗೆ ಆರಾಮಿಲ್ಲ?" ಅಂದ್ರು.

ಅಪ್ಪ ಸತ್ತಾಗಿಂದ ಅವ್ವ ಬಾಯಿ ಬಿಚ್ಚಿಲ್ಲ, ನಿದ್ದಿ ಮಾಡಿಲ್ಲ ಅಂದೆ. ಅದೂ ಒಂದು ಜಡ್ಡು, ಗುಳಿಗಿ ಕೊಟ್ಟು ಮಾತಾಡಿಸಿದ್ರ ಆರಾಮ ಆಗ್ತದಂತ, ಕರೆಂಟ್ ಬೇಕಿಲ್ಲಂತ. ಆಮ್ಯಾಲ, "ನೀ ಅತ್ತಿಯೇನು?" ಅಂದ್ರು.

ಪಾರ್ಟು ಅಲ್ಲೇ ಬಿಟ್ಟೆ ಅಕ್ಕಾ. ಅವರ ಟೇಬಲ್ ಮ್ಯಾಲ ತಲಿ ಇಟ್ಟು ಅತ್ತುಬಿಟ್ಟೆ.

ಬುತ್ತಿ ಮರೀಬ್ಯಾಡ. ಇವತ್ತು ಕಿಡಕಿ ಸೀಟು ನೀ ತಗೋ. ಅವ್ವನ ಬಾಜೂಕ ನಾ ಕುಂದರ್ತೀನಿ.

ಯಮನೂರ