ಹೊಟ್ಟೆಗೆ ಓದಿದ ವ್ಯಾಪಾರದ ಪಾಠ

ಇನ್ನೂ ಮುಖ ತೋರಿಸದ ನನ್ನ ಕಂದಾ,

ಮಧ್ಯಾಹ್ನ ಹೂಮೀನಿನ ಗಂಜಿ ಉಂಡು ಕಣ್ಣು ತೂಗುತ್ತಿದೆ. ಕಿಟಕಿಯಾಚೆ ನಮ್ಮೂರು ಛಿಗುವಿನ ಮೀನುಹೊಂಡಗಳು ಬಿಸಿಲಿಗೆ ಮಿನುಗುತ್ತಿವೆ. ಯಾವುದು ನೀರು, ಯಾವುದು ಆಕಾಶ ಎಂದೇ ತಿಳಿಯುತ್ತಿಲ್ಲ. ನೀನೂ ಒಳಗೆ ಹೀಗೇ ತೇಲುತ್ತಿರಬೇಕು.

ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದನ್ನೇ ಕೇಳಿಸಬೇಕೆನ್ನುತ್ತಾರೆ ನಮ್ಮಲ್ಲಿ. ಪಕ್ಕದ ಮನೆಯವರು ಪಿಟೀಲು ಕೇಳಿಸಿದರು. ನಿನ್ನಪ್ಪ ಪೋ-ಛಿಯೆನ್‌ನ ದಾರಿಯೇ ಬೇರೆ. ಮೀನಿನ ಮೇವು ಮಾರುವ ಅವನಿಗೆ ಮ್ಯಾನೇಜ್‌ಮೆಂಟ್ ಪುಸ್ತಕಗಳ ಹುಚ್ಚು. ದಿನಾ ನನ್ನ ಹೊಟ್ಟೆಯ ಹತ್ತಿರ ಬಾಯಿಟ್ಟು ಒಂದೊಂದು ಅಧ್ಯಾಯ ಓದುತ್ತಾನೆ. "ಇವ್ನು ಹುಟ್ತಾನೇ ಮ್ಯಾನೇಜರ್ ಆಗಿರ್ತಾನೆ!" ಎನ್ನುತ್ತಾನೆ. "ಮೊದ್ಲು ಅಳೋದು ಕಲೀಲಿ ಬಿಡೋ," ಎನ್ನುತ್ತಾಳೆ ನಿನ್ನಜ್ಜಿ.

ನಾನು ಬರೆದ ಸಾಫ್ಟ್‌ವೇರ್ ಒಂದಿದೆ ಮಗು. ಹೊಂಡದಲ್ಲಿ ಆಮ್ಲಜನಕ ಕಡಿಮೆಯಾದರೆ, ಚಳಿ ಹೆಚ್ಚಿದರೆ ಅದು ಮೀನು ಸಾಕುವವರ ಫೋನಿಗೆ ಕೂಗಿ ಹೇಳುತ್ತದೆ. ಅದನ್ನು ಒಳಗಿನ ಕೋಡ್ ಬರಹದ ಸಮೇತ ಬಿಟ್ಟಿ ಕೊಟ್ಟಿದ್ದೇನೆ. ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು. ಹೋದ ಚಳಿಗಾಲ ಅದು ತಪ್ಪು ಹೇಳತೊಡಗಿದಾಗ ನಾನು ಜ್ವರದಲ್ಲಿ ಮಲಗಿದ್ದೆ. ನಾನು ಕಂಡು ಕೇಳದ ಯಾರೋ ದೂರದ ಪಿಂಗ್‌ತುಂಗ್‌ನಲ್ಲಿ ಕೂತು ಸರಿಮಾಡಿ ಕಳಿಸಿದರು. ನೆರೆಯ ಛಾಯ್ ಮಾವನ ಮೀನುಗಳು ಬದುಕಿಕೊಂಡವು.

ಮೊನ್ನೆ ಒಂದು ಕಂಪನಿ ಅದನ್ನು ಕೊಳ್ಳಲು ಬಂತು. ಕೊಟ್ಟರೆ ಇನ್ನು ಮುಂದೆ ನಾನು ಬರೆಯುವುದೆಲ್ಲ ಅವರ ಬೀಗದೊಳಗೆ. ಮೀನಿನವರು ಹೊಂಡಕ್ಕಿಷ್ಟೆಂದು ತಿಂಗಳು ತಿಂಗಳು ಕಟ್ಟಬೇಕು. ನಮಗೆ ತೈನಾನ್ ಪೇಟೆಯಲ್ಲಿ ಸ್ವಂತ ಮನೆಯಾಗುವಷ್ಟು ಹಣ. "ಸಹಿ ಹಾಕೇ ಶ್ಯಾಂಗ್-ಲಿಂಗ್, ಮಗೂಗೊಂದು ಸೂರಾಗತ್ತೆ," ಎಂದ ನಿನ್ನಪ್ಪ. ಹೊಂಡದ ದಾರಿಯಲ್ಲಿ ಹೋಗಿಬರುವವರಿಗೆ ದಿನಾ ಚಹಾ ಇಡುವ ನಿನ್ನಜ್ಜಿ ಸುಮ್ಮನಿರುತ್ತಾಳೆಯೇ? "ಅರವಟ್ಟಿಗೆ ಇಟ್ಟು ಲೋಟಕ್ಕೆ ಬೀಗ ಹಾಕ್ತೀರಾ?" ಎಂದು ಗದರಿದಳು. ಆದರೆ ನನಗೂ ಆ ಮನೆ ಬೇಕಿತ್ತು ಕಂದಾ, ತುಂಬಾ ಬೇಕಿತ್ತು. ಒಪ್ಪಿಬಿಡುವುದೆಂದೇ ಇದ್ದೆ.

ನಿನ್ನೆ ನಿನ್ನಪ್ಪ ಎಂದಿನಂತೆ ಓದಲು ಕೂತ. "ಮಗೂ ಕೇಳು. ಗಿರಾಕಿ ಬಿಟ್ಟು ಹೋಗಬೇಕೆಂದರೂ ಹೋಗಲಾಗದಂತೆ ಕಟ್ಟಿಹಾಕು. ಅವನ ಕಷ್ಟಕಾಲವೇ ನಿನ್ನ ಸುಗ್ಗಿ..." ದನಿ ನಿಂತಿತು. ಮತ್ತೆ ಓದಲು ನೋಡಿದ, ಆಗಲಿಲ್ಲ.

"ಥೂ, ಇದನ್ನ ಮಗೂಗೆ ಹೇಳಕ್ಕೆ ಬಾಯೇ ಬರ್ತಿಲ್ಲ ಕಣೇ."

ಪುಸ್ತಕ ಮುಚ್ಚಿ ಕಿಟಕಿಯಾಚೆ ಛಾಯ್ ಮಾವನ ಹೊಂಡದ ಕಡೆ ನೋಡಿದ. ಆಮೇಲೆ ಫೋನು ಕೈಗೆತ್ತಿಕೊಂಡು ನನ್ನ ಮುಖ ನೋಡಿದ. ನಾನು ಹೂಂ ಎಂದು ತಲೆಯಾಡಿಸಿದೆ. "ನಾವು ಮಾರಲ್ಲ ಸಾರ್," ಎಂದ ಕಂಪನಿಯವರಿಗೆ.

ಫೋನಿಟ್ಟವನೇ ನನ್ನ ಹೊಟ್ಟೆಗೆ ಕೆನ್ನೆಯೊತ್ತಿ ಅತ್ತುಬಿಟ್ಟ. "ನಿನ್ ಮನೆ ಹೋಯ್ತಲ್ಲೋ ಮಗೂ." ಆಗ ನೀನು ಒದ್ದೆ ನೋಡು, ಸರಿಯಾಗಿ ಅವನ ಕೆನ್ನೆಗೇ! "ಅಯ್ಯಯ್ಯೋ, ಈಗ್ಲೇ ಜಗಳಕ್ಕೆ ಬಂದ!" ಎಂದು ಅಳುತ್ತಲೇ ನಕ್ಕ.

ಜಗಳವಾಡುವುದಿದ್ದರೆ ಹೊರಗೆ ಬಂದು ಆಡು ಕಂದಾ. ಈ ಬಾಡಿಗೆ ಕೋಣೆಯಲ್ಲಿ ತೊಟ್ಟಿಲಿಟ್ಟರೆ ಬಾಗಿಲು ತೆರೆಯುವುದಿಲ್ಲ. ಬಾಗಿಲನ್ನೇ ಕಳಚುತ್ತೇನೆಂದು ನಿನ್ನಪ್ಪ ಸುತ್ತಿಗೆ ಹಿಡಿದು ನಿಂತಿದ್ದಾನೆ. ಬಸುರಿಯಿರುವ ಮನೆಯಲ್ಲಿ ಮೊಳೆ ಮುಟ್ಟಬಾರದೆಂದು ನಿನ್ನಜ್ಜಿ ಅಡ್ಡ ನಿಂತಿದ್ದಾಳೆ. ನೀನು ಬಂದ ದಿನ ಕಳಚುತ್ತೇವೆ.

ಸುಖವಾಗಿ ಬಾ, ನೂರ್ಕಾಲ ಬಾಳು.

ನಿನ್ನ ದಾರಿ ಕಾಯುತ್ತಿರುವ ಅಮ್ಮ,
ಶ್ಯಾಂಗ್-ಲಿಂಗ್